ಜಿ ಏರಿದಾಗ ಪೈಲಟ್ ಕಣ್ಣಿಂದ ಬಣ್ಣ ಯಾಕೆ ಹೋಗುತ್ತದೆ?

ಪ್ರಶ್ನೆ: ನನ್ನ ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ. ಎನ್‌ಡಿಎ ಪರೀಕ್ಷೆ ಬರೆದು ಫೈಟರ್ ಪೈಲಟ್ ಆಗಬೇಕು ಅನ್ನೋದು ಅವನ ಆಸೆ. ಮೊನ್ನೆ ಒಂದು ವಿಡಿಯೋ ತೋರಿಸಿದ. ಗಿರಗಿರನೆ ತಿರುಗುವ ಯಂತ್ರದೊಳಗೆ ಒಬ್ಬ ಪೈಲಟ್ ಕೂತಿದ್ದಾರೆ. ‘ಎಲ್ಲಾ ಬೂದಿ ಬಣ್ಣ ಆಗ್ತಿದೆ’ ಅನ್ನುತ್ತಾರೆ, ಸ್ವಲ್ಪ ಹೊತ್ತಿಗೆ ತಲೆ ವಾಲಿಸಿಬಿಡುತ್ತಾರೆ. ನೋಡಿ ನನಗೆ ಎದೆ ಝಲ್ಲೆಂದಿತು. ವೇಗಕ್ಕೆ ಕಣ್ಣಿಂದ ಬಣ್ಣ ಹೋಗುವುದು ನಿಜವೇ? ಮತ್ತೆ ಮತ್ತೆ ಹೀಗಾದರೆ ಬಣ್ಣಗುರುಡು ಬರುತ್ತದೆಯೇ? ಕೆಂಪು ದೀಪ, ಹಸಿರು ದೀಪ ಗೊತ್ತಾಗದೆ ಇದ್ದರೆ ವಿಮಾನ ಓಡಿಸುವುದು ಹೇಗೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಮಸ್ಕಾರ. ನಿಮ್ಮ ದೊಡ್ಡ ಭಯಕ್ಕೆ ಮೊದಲು ಉತ್ತರ ಕೊಡುತ್ತೇನೆ. ಇದರಿಂದ ಬಣ್ಣಗುರುಡು ಬರುವುದಿಲ್ಲ. ಮಾಸಿದ ಬಣ್ಣ ಕೆಲವೇ ಸೆಕೆಂಡುಗಳಲ್ಲಿ ವಾಪಸ್ ಬರುತ್ತದೆ. ಆದರೆ ಆ ಬೂದಿ ಬಣ್ಣವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮಿದುಳಿಗೆ ರಕ್ತ ತಪ್ಪುವ ಮುಂಚೆ ದೇಹ ಕೊಡುವ ಎಚ್ಚರಿಕೆ ಅದು. ಕೆಲವು ಸಲ ಆ ಎಚ್ಚರಿಕೆ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ಭಯಪಡಬೇಕಾದದ್ದು ಅದಕ್ಕೆ.

ನೀವು ‘ವೇಗಕ್ಕೆ’ ಅಂದಿದ್ದೀರಿ. ವೇಗದ ತಪ್ಪು ಇದರಲ್ಲಿ ಇಲ್ಲ. ಪ್ರಯಾಣಿಕರ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹೋಗುವಾಗ ಒಳಗೆ ಕೂತವರು ಆರಾಮಾಗಿ ಕಾಫಿ ಕುಡಿಯುತ್ತಿರುತ್ತಾರೆ. ತೊಂದರೆ ಇರುವುದು ತಿರುವಿನಲ್ಲಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಂಡಾಗ ಪಕ್ಕದವರ ಮೇಲೆ ವಾಲುತ್ತೇವಲ್ಲ, ಅದೇ ಬಲ. ವಿಮಾನ ಮಾತ್ರ ತಿರುವಿನಲ್ಲಿ ಮಗ್ಗುಲಾಗುತ್ತದೆ. ಹಾಗಾಗಿ ಪೈಲಟ್‌ಗೆ ಆ ಬಲ ಪಕ್ಕಕ್ಕೆ ಎಳೆದಂತೆ ಅನಿಸುವುದಿಲ್ಲ, ತಲೆಯಿಂದ ಕುರ್ಚಿಯ ಕಡೆಗೆ ತುಳಿದಂತೆ ಅನಿಸುತ್ತದೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ 1 ಕಿ.ಮೀ. ತ್ರಿಜ್ಯದ ತಿರುವು ತೆಗೆದರೆ ಸುಮಾರು ಆರೂವರೆ ಜಿ ಆಗುತ್ತದೆ. ನಾವು ನೆಲದ ಮೇಲೆ ನಿಂತಾಗ ಅನುಭವಿಸುವ ತೂಕ 1 ಜಿ. ಆರೂವರೆ ಜಿಯಲ್ಲಿ 60 ಕೆ.ಜಿ. ಮನುಷ್ಯ 390 ಕೆ.ಜಿ. ಭಾರ ಆಗುತ್ತಾನೆ. ಅವನ ರಕ್ತವೂ ಅಷ್ಟೇ ಪಟ್ಟು ಭಾರ ಆಗುತ್ತದೆ, ಕಾಲಿನ ಕಡೆಗೆ ಇಳಿಯುತ್ತದೆ.

ಇದರ ಚಿಕ್ಕ ರೂಪ ನಿಮಗೂ ಗೊತ್ತಿರುತ್ತದೆ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವರು ದಡಕ್ಕನೆ ಎದ್ದರೆ ಒಂದು ಕ್ಷಣ ಎದುರಿನ ಹಸಿರೆಲ್ಲ ಬೆಳ್ಳಗಾಗಿ, ಬೂದಿಯಾಗಿ, ಅಂಚಿನಿಂದ ಕಪ್ಪು ಮುಚ್ಚಿಕೊಂಡು ಬರುತ್ತದೆ. ಗೋಡೆ ಹಿಡಿದು ನಿಂತರೆ ಸರಿಹೋಗುತ್ತದೆ. ಅದಕ್ಕೆ ನಾವು ಏನು ಹೇಳುತ್ತೇವೆ? ‘ಕಣ್ಣಿಗೆ ಕತ್ತಲೆ ಬಂತು’ ಅನ್ನುತ್ತೇವೆ. ಅದೂ ತೀರಾ ಜಾಸ್ತಿಯಾದರೆ ಮಾತ್ರ ‘ಎಚ್ಚರ ತಪ್ಪಿತು’. ಮೊದಲು ಕಣ್ಣು, ಆಮೇಲೆ ಎಚ್ಚರ. ನಮ್ಮ ಮಾತಿನಲ್ಲೇ ಈ ಕ್ರಮ ಸರಿಯಾಗಿ ಕೂತಿದೆ. ಫೈಟರ್ ವಿಮಾನದಲ್ಲೂ ಆಗುವುದು ಇದೇ ಕ್ರಮದಲ್ಲಿ.

ಕಣ್ಣೇ ಯಾಕೆ ಮೊದಲು? ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ಹೃದಯದಿಂದ ಕಣ್ಣಿಗೆ ಸುಮಾರು 30 ಸೆಂ.ಮೀ. ಎತ್ತರ. ಅಷ್ಟು ಎತ್ತರಕ್ಕೆ ರಕ್ತ ಏರಿಸಲು 1 ಜಿಯಲ್ಲಿ ಸುಮಾರು 23 ಮಿ.ಮೀ. ಪಾದರಸದಷ್ಟು ಒತ್ತಡ ಖರ್ಚಾಗುತ್ತದೆ. ಹೃದಯದ ಹತ್ತಿರ ಸರಾಸರಿ ಒತ್ತಡ 100 ಇದ್ದರೆ ಕಣ್ಣಿನ ಹತ್ತಿರ 77 ಸಿಗುತ್ತದೆ. 2 ಜಿಯಲ್ಲಿ ಖರ್ಚು 46, 3 ಜಿಯಲ್ಲಿ 69, 4 ಜಿಯಲ್ಲಿ 92. ಅಂದರೆ 4 ಜಿಯಲ್ಲಿ ಕಣ್ಣಿಗೆ ಉಳಿಯುವುದು ಬರೀ 8. ಈಗ ಒಂದು ವಿಷಯ ಗಮನಿಸಿ. ನಮ್ಮ ಕಣ್ಣುಗುಡ್ಡೆ ಗಾಳಿ ತುಂಬಿದ ಚೆಂಡಿನ ಹಾಗೆ, ಒಳಗೆ ಅದರದೇ ಒತ್ತಡ ಇರುತ್ತದೆ, ಸುಮಾರು 15. ಗ್ಲಾಕೋಮಾ ಪರೀಕ್ಷೆಗೆ ಹೋದಾಗ ಡಾಕ್ಟರು ಅಳೆಯುವುದು ಅದನ್ನೇ. ಹೊರಗಿನಿಂದ ಬರುವ ರಕ್ತ ಆ 15ನ್ನು ಗೆದ್ದು ಒಳಗೆ ಹೋಗಬೇಕು. 8 ಇಟ್ಟುಕೊಂಡು 15ರ ಎದುರು ನುಗ್ಗಲು ಆಗುವುದಿಲ್ಲ. ಮಿದುಳಿಗೆ ಈ ಅಡ್ಡಿ ಇಲ್ಲ. ತಲೆಬುರುಡೆ ಮುಚ್ಚಿದ ಡಬ್ಬಿ. ಜಿ ಏರಿದಾಗ ಅದರೊಳಗಿನ ಒತ್ತಡವೂ ಜೊತೆಗೇ ಇಳಿಯುತ್ತದೆ. ಹಾಗಾಗಿ ಮಿದುಳು ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ.

ಇದು ಊಹೆಯ ಮಾತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಲ್ಯಾಂಬರ್ಟ್ ಎಂಬ ವಿಜ್ಞಾನಿ ಬಹಳ ಸರಳವಾದ ಪ್ರಯೋಗ ಮಾಡಿದರು. ಸೆಂಟ್ರಿಫ್ಯೂಜ್‌ನಲ್ಲಿ, ಅಂದರೆ ನಿಮ್ಮ ಮಗ ತೋರಿಸಿದಂಥ ಆ ತಿರುಗುವ ಯಂತ್ರದಲ್ಲಿ, ಕೂತವರ ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕ ಹಾಕಿದರು. ಕನ್ನಡಕದೊಳಗಿನ ಗಾಳಿಯನ್ನು ಸ್ವಲ್ಪ ಹೀರಿದರು. ಕಣ್ಣಿನ ಸುತ್ತ ಒತ್ತಡ ತಗ್ಗಿತು. ಆಗ ರಕ್ತಕ್ಕೆ ಒಳಗೆ ಹೋಗಲು ದಾರಿ ಸಲೀಸಾಯಿತು. ಮಾಮೂಲಿಯಾಗಿ ಕಣ್ಣು ಪೂರ್ತಿ ಕತ್ತಲಾಗಬೇಕಿದ್ದ ಜಿಯಲ್ಲೂ ಅವರಿಗೆ ಕಾಣಿಸುತ್ತಲೇ ಇತ್ತು! ಆದರೆ ಜಿ ಇನ್ನೂ ಏರಿದಾಗ, ಕಾಣಿಸುತ್ತಿದ್ದಂತೆಯೇ ನೇರವಾಗಿ ಎಚ್ಚರ ತಪ್ಪಿತು. ಕಣ್ಣನ್ನು ಉಳಿಸಿದ್ದೇ ಉಳಿಸಿದ್ದು, ಎಚ್ಚರಿಕೆ ಹೊರಟುಹೋಯಿತು. ಆ ಕನ್ನಡಕವನ್ನು ಪೈಲಟ್‌ಗಳಿಗೆ ಕೊಡದೆ ಇದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ ನನಗೆ.

1954ರಲ್ಲಿ ಥಾಮಸ್ ಡುವೇನ್ ಎಂಬ ಕಣ್ಣಿನ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೆಂಟ್ರಿಫ್ಯೂಜ್ ತಿರುಗುತ್ತಿರುವಾಗಲೇ ಕೂತವರ ಕಣ್ಣಿನ ಹಿಂಪರದೆಯನ್ನು, ಅಂದರೆ ರೆಟಿನಾವನ್ನು, ನೋಡಿದರು. ದೃಷ್ಟಿಯ ಅಂಚು ಮಾಸುವ ಹೊತ್ತಿಗೆ ರೆಟಿನಾದ ಸಣ್ಣ ರಕ್ತನಾಳಗಳು ಮಿಡಿಯಲು ಶುರು ಮಾಡಿದ್ದವು. ಹೃದಯ ಒಂದೊಂದು ಬಡಿತ ಕೊಟ್ಟಾಗ ಮಾತ್ರ ರಕ್ತ ಬರುತ್ತಿತ್ತು, ಮಧ್ಯೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಓಣಿಯ ನಲ್ಲಿಯಲ್ಲಿ ನೀರು ಉಗುಳಿ ಉಗುಳಿ ಬರುತ್ತದಲ್ಲ, ಹಾಗೆ. ಪೂರ್ತಿ ಕತ್ತಲಾದಾಗ ನಾಳಗಳು ಬರಿದಾಗಿ ಅಂಟಿಕೊಂಡಿದ್ದವು. ಜಿ ಇಳಿಸಿದ ಕೂಡಲೇ ಮತ್ತೆ ತುಂಬಿಕೊಂಡವು, ಕಣ್ಣು ಬಂತು.

ಈಗ ಬಣ್ಣದ ವಿಷಯ. ರೆಟಿನಾದಲ್ಲಿ ಬಣ್ಣ ಹಿಡಿಯುವ ಕೋಶಗಳಿಗೆ ಕೋನ್ ಅನ್ನುತ್ತೇವೆ. ಮೂರು ಬಗೆ ಇವೆ. ಆದರೆ ಒಂದೊಂದು ಕೋನ್ ತಾನಾಗಿ ‘ಇದು ಕೆಂಪು’ ಅಂತ ಹೇಳಲಾರದು. ಅವುಗಳ ಹಿಂದೆ ಇರುವ ನರಕೋಶಗಳು ಮೂರರ ಸುದ್ದಿಯನ್ನೂ ತೂಗಿ ನೋಡಿ, ಯಾವುದು ಎಷ್ಟು ಜಾಸ್ತಿ ಅಂತ ವ್ಯತ್ಯಾಸ ತೆಗೆಯುತ್ತವೆ. ಆ ವ್ಯತ್ಯಾಸವೇ ಬಣ್ಣ. ಬೆಳಕಿದೆಯೋ ಇಲ್ಲವೋ ಅಂತ ಹೇಳುವುದಕ್ಕಿಂತ ಇದು ನಾಜೂಕಾದ ಕೆಲಸ. ಈ ನರಕೋಶಗಳು ಇರುವುದು ರೆಟಿನಾದ ಒಳಪದರದಲ್ಲಿ. ಆ ಪದರಕ್ಕೆ ರಕ್ತ ಕೊಡುವುದು ಕಣ್ಣಿನ ಹಿಂದಿನಿಂದ ಒಳಬರುವ ಒಂದೇ ಒಂದು ನಾಳ. ಅದರಲ್ಲಿ ರಕ್ತ ಕಮ್ಮಿಯಾದಾಗ ನಾಜೂಕಿನ ಲೆಕ್ಕ ಮೊದಲು ಕೆಡುತ್ತದೆ. ಬೆಳಕು ನೆರಳು ಇನ್ನೂ ಗೊತ್ತಾಗುತ್ತಿರುತ್ತದೆ, ಬಣ್ಣದ ರಂಗು ಮಾತ್ರ ತೊಳೆದುಹೋಗುತ್ತದೆ. ನೀಲಿ ಆಕಾಶ ಮೋಡ ಮುಚ್ಚಿದ ಹಾಗೆ, ಹಸಿರು ಹೊಲ ಒಣಗಿದ ಹಾಗೆ ಆಗುತ್ತದೆ. ಜೊತೆಗೆ ಎಲ್ಲವೂ ಮಬ್ಬು. ಇದಕ್ಕೇ ಪೈಲಟ್‌ಗಳು ಗ್ರೇ-ಔಟ್ ಅನ್ನುವುದು. ‘ಬೂದಿ ಬಣ್ಣ ಆಗ್ತಿದೆ’ ಅಂತ ಆ ವಿಡಿಯೋದಲ್ಲಿ ಹೇಳಿದ್ದು ಕಂಡದ್ದನ್ನು ಕಂಡ ಹಾಗೆ.

ಅದೇ ಹೊತ್ತಿಗೆ ಅಂಚಿನಿಂದ ದೃಷ್ಟಿ ಮುಚ್ಚುತ್ತದೆ. ಆ ನಾಳ ರೆಟಿನಾದೊಳಗೆ ಬಂದು ಕವಲೊಡೆದು ಅಂಚಿನವರೆಗೆ ಹರಡುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮೊದಲು ತಪ್ಪುತ್ತದೆ ಅಲ್ವಾ? ಭದ್ರಾ ಕಾಲುವೆಯ ಕೊನೆಯ ಭಾಗದ ರೈತರನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುರಂಗದೊಳಗಿಂದ ನೋಡಿದ ಹಾಗೆ ನಡುವಿನ ಒಂದು ಬಿಲ್ಲೆಯಷ್ಟು ಮಾತ್ರ ಉಳಿಯುತ್ತದೆ. ಆಮೇಲೆ ಅದೂ ಹೋಗುತ್ತದೆ. ಅದು ಬ್ಲ್ಯಾಕ್-ಔಟ್. ಗಮನಿಸಿ, ಬ್ಲ್ಯಾಕ್-ಔಟ್ ಆದ ಪೈಲಟ್‌ಗೆ ಇನ್ನೂ ಎಚ್ಚರ ಇರುತ್ತದೆ. ಕಿವಿ ಕೇಳುತ್ತದೆ, ಯೋಚನೆ ನಡೆಯುತ್ತದೆ, ಕಣ್ಣು ಮಾತ್ರ ಇಲ್ಲ. 1924ರಲ್ಲೇ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ತಮ್ಮ ವಿಮಾನದಲ್ಲಿ ಜಿ ಅಳೆಯುವ ಉಪಕರಣ ಇಟ್ಟುಕೊಂಡು ಸುತ್ತು ಹಾಕಿ, ತಮ್ಮ ಮೇಲೇ ಇದನ್ನು ಕಂಡುಕೊಂಡು ಬರೆದಿಟ್ಟಿದ್ದರು.

ಸೆಂಟ್ರಿಫ್ಯೂಜ್‌ನ ಒಳಗೆ ಕೂತವರ ಕಣ್ಣೆದುರು ಒಂದು ಅಡ್ಡಪಟ್ಟಿ ಇರುತ್ತದೆ. ನಡುವೆ ಕೆಂಪು ದೀಪ, ಎರಡು ತುದಿಗೆ ಹಸಿರು ದೀಪ. ನಡುವಿನ ಕೆಂಪನ್ನು ನೋಡುತ್ತ ಕೂರಬೇಕು. ನಾನು ಮೊದಲ ಸಲ ಆ ಕುರ್ಚಿಯಲ್ಲಿ ಕೂತಾಗ ಜಿ ನಿಧಾನವಾಗಿ ಏರಿಸಿದರು. ಕೆನ್ನೆ ಜೋತುಬಿತ್ತು. ಕೈ ತೊಡೆಯ ಮೇಲಿಂದ ಎತ್ತಲು ಆಗಲಿಲ್ಲ. ಮೂರೂವರೆ ದಾಟುತ್ತಿದ್ದಂತೆ ಹಸಿರು ದೀಪಗಳು ಮಾಸಿದವು. ಮೊದಲು ಅವುಗಳ ಹಸಿರು ಹೋಯಿತು, ಬಿಳಿಚಿಕೊಂಡ ಚುಕ್ಕೆಯಾಗಿ ಉಳಿದವು, ಆಮೇಲೆ ಚುಕ್ಕೆಯೂ ಇಲ್ಲ. ನಡುವಿನ ಕೆಂಪು ಇತ್ತು, ಆದರೆ ತೊಳೆದು ಒಣಗಿಸಿದ ಬಟ್ಟೆಯ ಕೆಂಪಿನ ಹಾಗೆ. ಗುಂಡಿ ಒತ್ತಿದೆ, ಯಂತ್ರ ನಿಧಾನವಾಯಿತು, ಹಸಿರು ಮತ್ತೆ ಹೊತ್ತಿಕೊಂಡಿತು. ‘ಹಸಿರು ಮೊದಲು ಹೋಗುತ್ತೆ, ಕೆಂಪು ಆಮೇಲೆ’ ಅಂತ ಕೆಲವರು ಇದನ್ನು ನೋಡಿ ತಪ್ಪು ತಿಳಿಯುತ್ತಾರೆ. ಹಸಿರು ದೀಪ ಮೊದಲು ಹೋದದ್ದು ಅದು ಅಂಚಿನಲ್ಲಿ ಇದ್ದದ್ದಕ್ಕೆ, ಅದರ ಬಣ್ಣಕ್ಕಲ್ಲ.

ಯಾವ ಜಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಂಕಿಗಳಿವೆ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ 1000 ಜನರನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ನೋಡಿತು. ಮೈ ಸಡಿಲ ಬಿಟ್ಟು, ಜಿ-ಸೂಟ್ ಎಂಬ ಹೊಟ್ಟೆ–ಕಾಲು ಹಿಂಡುವ ಉಡುಪು ಇಲ್ಲದೆ ಕೂತವರಿಗೆ ಸರಾಸರಿ 4.1 ಜಿಯಲ್ಲಿ ಅಂಚು ಹೋಯಿತು, 4.7ರಲ್ಲಿ ಪೂರ್ತಿ ಕತ್ತಲು, 5.4ರಲ್ಲಿ ಎಚ್ಚರ ತಪ್ಪಿತು. ಸರಾಸರಿ ಅಂದರೆ ಸರಾಸರಿ ಅಷ್ಟೇ. ಒಬ್ಬರಿಗೆ 3 ಜಿಯಲ್ಲೇ ಎಚ್ಚರ ತಪ್ಪಿದರೆ ಇನ್ನೊಬ್ಬರು 8 ದಾಟಿದರು.

ಮೇಲಿನ ಅಂಕಿ ನೋಡಿದರೆ ಕಣ್ಣು ಮತ್ತು ಎಚ್ಚರದ ನಡುವೆ ಒಂದಿಷ್ಟು ಅಂತರ ಇದೆ, ಪೈಲಟ್ ಹುಷಾರಾಗಬಹುದು ಅನಿಸುತ್ತದೆ. ಜಿ ನಿಧಾನವಾಗಿ ಏರಿದರೆ ಅದು ನಿಜ. ಆದರೆ ಈಗಿನ ಫೈಟರ್ ವಿಮಾನಗಳು ಒಂದೆರಡು ಸೆಕೆಂಡಿನಲ್ಲಿ 8–9 ಜಿ ಮುಟ್ಟುತ್ತವೆ. ರೆಟಿನಾ ಮತ್ತು ಮಿದುಳಿನಲ್ಲಿ ರಕ್ತ ನಿಂತರೂ 4ರಿಂದ 6 ಸೆಕೆಂಡಿಗೆ ಆಗುವಷ್ಟು ಆಮ್ಲಜನಕ ಇರುತ್ತದೆ. ಆ ಕೆಲವು ಸೆಕೆಂಡು ಎಲ್ಲವೂ ನಿಚ್ಚಳ. ಬಣ್ಣ ಬಣ್ಣವಾಗೇ ಇರುತ್ತದೆ. ಆಮೇಲೆ ಕಣ್ಣು ಮತ್ತು ಮಿದುಳು ಎರಡರ ದಾಸ್ತಾನೂ ಒಟ್ಟಿಗೇ ಮುಗಿಯುತ್ತದೆ. ಬೂದಿ ಇಲ್ಲ, ಸುರಂಗ ಇಲ್ಲ, ನೇರ ಪ್ರಜ್ಞೆ ತಪ್ಪುವುದು. ಇದಕ್ಕೆ ಜಿ-ಲಾಕ್ ಅನ್ನುತ್ತಾರೆ. ಸುಮಾರು 12 ಸೆಕೆಂಡು ಪೂರ್ತಿ ಎಚ್ಚರ ಇರುವುದಿಲ್ಲ. ಎಚ್ಚರ ಬಂದ ಮೇಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತಾನೆಲ್ಲಿದ್ದೇನೆ, ಕೈಯಲ್ಲಿರುವುದು ಏನು ಅಂತ ಗೊತ್ತಾಗುವುದಿಲ್ಲ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಆ 24 ಸೆಕೆಂಡಿನಲ್ಲಿ 6 ಕಿ.ಮೀ. ಹೋಗಿರುತ್ತದೆ. ಅದು ನೆಲದ ಕಡೆಗೇ ಇದ್ದರೆ ಹೇಳುವುದೇ ಬೇಡ.

2016ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಎಫ್-16 ತರಬೇತಿಯಲ್ಲಿ ಒಬ್ಬ ವಿದ್ಯಾರ್ಥಿ ಪೈಲಟ್ 8 ಜಿ ದಾಟಿದ ತಿರುವಿನಲ್ಲಿ ಹೀಗೇ ಎಚ್ಚರ ತಪ್ಪಿದರು. ವಿಮಾನ ಮೂಗು ಕೆಳಗೆ ಮಾಡಿ ಧುಮುಕಿತು. ಇನ್ನೊಂದು ವಿಮಾನದಲ್ಲಿದ್ದ ಬೋಧಕರು ರೇಡಿಯೋದಲ್ಲಿ ‘ರಿಕವರ್, ರಿಕವರ್’, ಅಂದರೆ ವಿಮಾನ ಸರಿಪಡಿಸಿಕೋ, ಅಂತ ಕೂಗುತ್ತಿದ್ದರು. ಕೊನೆಗೆ ವಿಮಾನವನ್ನು ಮೇಲೆತ್ತಿದ್ದು ಅದರೊಳಗಿನ ಕಂಪ್ಯೂಟರ್. ನೆಲಕ್ಕೆ ಬಡಿಯುವುದು ಖಂಡಿತ ಅಂತ ಲೆಕ್ಕ ಸಿಕ್ಕಾಗ ತಾನೇ ವಿಮಾನ ಎತ್ತುವ ವ್ಯವಸ್ಥೆ ಅದು. ಹುಡುಗ ಬದುಕಿದ. ಇಂಥ ವ್ಯವಸ್ಥೆ ಎಲ್ಲ ಫೈಟರ್‌ಗಳಲ್ಲೂ ಬರಬೇಕು ಅಂತ ನಾನು ಮನಸಾರೆ ಬಯಸುತ್ತೇನೆ.

ಹಾಗಾಗಿ ಪೈಲಟ್‌ಗಳಿಗೆ ‘ಬಣ್ಣ ಮಾಸಿದ ಮೇಲೆ ನೋಡಿಕೊಳ್ಳೋಣ’ ಅಂತ ಕಲಿಸುವುದೇ ಇಲ್ಲ. ತಿರುವಿಗೆ ಮುಂಚೆಯೇ ಮೈ ಬಿಗಿ ಮಾಡಬೇಕು. ಮೂಟೆ ಎತ್ತುವ ಹಮಾಲರನ್ನು ನೋಡಿದ್ದೀರಲ್ಲ? ಕಾಲು, ತೊಡೆ, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ ‘ಹ್ಹಕ್’ ಅನ್ನುತ್ತಾರೆ. ಹೆಚ್ಚುಕಮ್ಮಿ ಅದೇ. ಕಾಲಿನ ಸ್ನಾಯು ಬಿಗಿಯಾದರೆ ರಕ್ತ ಅಲ್ಲಿ ತಂಗುವುದಿಲ್ಲ, ಎದೆಯೊಳಗಿನ ಒತ್ತಡ ಹೆಚ್ಚಿದರೆ ರಕ್ತ ತಲೆಗೆ ಏರುತ್ತದೆ. ಉಸಿರು ಸುಮಾರು 3 ಸೆಕೆಂಡು ಹಿಡಿದು, ಚಟ್ಟನೆ ಬಿಟ್ಟು ಎಳೆದು, ಮತ್ತೆ ಹಿಡಿಯಬೇಕು. ಚೆನ್ನಾಗಿ ಕಲಿತರೆ ಇದೊಂದರಿಂದಲೇ 3 ಜಿಯಷ್ಟು ಹೆಚ್ಚು ತಡೆಯಬಹುದು. ಹೊಟ್ಟೆ, ತೊಡೆ, ಕಾಲಿನ ಸುತ್ತ ಗಾಳಿ ತುಂಬಿ ಹಿಂಡುವ ಜಿ-ಸೂಟ್ ಇನ್ನೊಂದು ಒಂದೂವರೆ ಜಿಯಷ್ಟು ಕೊಡುತ್ತದೆ. ಸೂಟ್ ದೊಡ್ಡದು, ಮೈ ಬಿಗಿಯುವುದು ಚಿಕ್ಕದು ಅಂತ ಹೊರಗಿನವರು ತಿಳಿಯುತ್ತಾರೆ. ಇರುವುದು ತಿರುಗಾಮುರುಗ.

ಕುರ್ಚಿಯನ್ನು ಹಿಂದಕ್ಕೆ ವಾಲಿಸುವುದೂ ಇದೇ ಲೆಕ್ಕಕ್ಕೆ. ಹೃದಯ–ಕಣ್ಣಿನ ನಡುವಿನ ಎತ್ತರ ಕಡಿಮೆಯಾಗುತ್ತದೆ. ಎಫ್-16ರ ಕುರ್ಚಿ 30 ಡಿಗ್ರಿ ವಾಲಿದೆ. ಬಾಹ್ಯಾಕಾಶ ಯಾತ್ರಿಗಳನ್ನು ಪೂರ್ತಿ ಮಲಗಿಸಿಯೇ ಕರೆದೊಯ್ಯುತ್ತಾರೆ. 2008ರಲ್ಲಿ ರಷ್ಯಾದ ಒಂದು ಸೋಯುಜ್ ನೌಕೆ ಭೂಮಿಗೆ ಮರಳುವಾಗ ದಾರಿ ತಪ್ಪಿ, ಒಳಗಿದ್ದ ಮೂವರಿಗೆ 8 ಜಿ ದಾಟಿತು. ಎದೆಯ ಮೇಲೆ ಆನೆ ಕೂತ ಹಾಗೆ ಆಗಿರಬೇಕು. ಮೂವರೂ ಬದುಕಿ ಬಂದರು. ಮಲಗಿದ್ದರಿಂದ ಬಲ ಎದೆಯಿಂದ ಬೆನ್ನಿಗೆ ಬಿತ್ತು, ಹೃದಯ ಮತ್ತು ಕಣ್ಣು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು.

ನೀರು ಕಮ್ಮಿ ಕುಡಿದಿದ್ದರೆ, ಊಟ ಬಿಟ್ಟಿದ್ದರೆ, ನಿದ್ದೆಗೆಟ್ಟಿದ್ದರೆ, ಹಿಂದಿನ ರಾತ್ರಿ ಮದ್ಯ ಕುಡಿದಿದ್ದರೆ, ಜ್ವರ ಬಂದು ಎದ್ದಿದ್ದರೆ ಜಿ ತಡೆಯುವ ಶಕ್ತಿ ಇಳಿಯುತ್ತದೆ. ವಾಯುಪಡೆಯ ಸಾಹಸ ಹಾರಾಟದ ಸೂರ್ಯಕಿರಣ ತಂಡದ ನೆಲೆ ಇರುವ ಬೀದರ್‌ನಂಥ ಊರಿನ ಏಪ್ರಿಲ್ ಬಿಸಿಲಲ್ಲಿ ಒಂದು ಬಾಟಲಿ ನೀರು ಎಷ್ಟು ದೊಡ್ಡದು ಅಂತ ಹಾರುವವರಿಗೆ ಗೊತ್ತು. ಇನ್ನೊಂದು ಮೋಸವೂ ಇದೆ. ವಿಮಾನದ ಮೂಗನ್ನು ಕೆಳಗೆ ಒತ್ತಿ ಮೈ ಹಗುರ ಮಾಡಿಕೊಂಡು, ಮರುಕ್ಷಣ ಜೋರಾಗಿ ಮೇಲಕ್ಕೆ ಎಳೆದರೆ, ಎಂದಿಗಿಂತ ಕಡಿಮೆ ಜಿಯಲ್ಲೇ ಕಣ್ಣು ಹೋಗುತ್ತದೆ. ಹಗುರವಾದಾಗ ಹೃದಯ ನಿಧಾನವಾಗಿರುತ್ತದೆ, ನಾಳಗಳು ಸಡಿಲ ಆಗಿರುತ್ತವೆ. ಅವು ಎಚ್ಚೆತ್ತುಕೊಳ್ಳುವುದರೊಳಗೆ ಭಾರ ಬಿದ್ದಿರುತ್ತದೆ.

ಕೆಂಪು ದೀಪ, ಹಸಿರು ದೀಪದ ಪ್ರಶ್ನೆ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಕಾಕ್‌ಪಿಟ್ ಮಾಡುವವರು ಜೀವದ ಸುದ್ದಿಯನ್ನು ಬಣ್ಣ ಒಂದಕ್ಕೇ ಒಪ್ಪಿಸುವುದಿಲ್ಲ. ಎಚ್ಚರಿಕೆಗೆ ಬಣ್ಣದ ಜೊತೆ ಅಕ್ಷರ ಇರುತ್ತದೆ, ಇಂಥ ಜಾಗ ಅಂತ ಇರುತ್ತದೆ, ಕಿವಿಗೆ ಸದ್ದು ಅಥವಾ ಮಾತು ಬರುತ್ತದೆ. ಕಣ್ಣು ಹೋದ ಮೇಲೂ ಕಿವಿ ಸ್ವಲ್ಪ ಹೊತ್ತು ಇರುತ್ತದೆ ಅಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪೈಲಟ್ ಎದುರಿನ ಗಾಜಿನಲ್ಲಿ ವೇಗ, ಎತ್ತರ, ಗುರಿ ಎಲ್ಲ ಮೂಡುವ ಹಡ್ ಎಂಬ ಪರದೆ ಬಹಳ ಕಾಲದಿಂದ ಬರೀ ಹಸಿರು. ಹಗಲು ನಮ್ಮ ಕಣ್ಣು ಅತಿ ಸುಲಭವಾಗಿ ಹಿಡಿಯುವ ಬೆಳಕು ಹಳದಿ ಮಿಶ್ರಿತ ಹಸಿರು. ಅದರ ಹಸಿರು ಮಾಸಿ ಬಿಳಿಯಾಗಿ ಕಂಡರೂ ಗೆರೆ ಗೆರೆಯಾಗೇ ಕಾಣುತ್ತದೆ, ಅಂಕಿ ಅಂಕಿಯಾಗೇ ಕಾಣುತ್ತದೆ. ಅದಿರುವುದು ದೃಷ್ಟಿಯ ನಡುವೆ, ಕೊನೆಯವರೆಗೆ ಉಳಿಯುವ ಜಾಗದಲ್ಲಿ.

ನಿಮ್ಮ ಮಗ ‘ರೆಡ್-ಔಟ್’ ಬಗ್ಗೆಯೂ ಕೇಳಿರಬಹುದು. ಜಿ ಉಲ್ಟಾ ಆದಾಗ, ಅಂದರೆ ಬಲ ಕಾಲಿನಿಂದ ತಲೆಗೆ ಬಿದ್ದಾಗ, ಎಲ್ಲ ಕೆಂಪಾಗಿ ಕಾಣುತ್ತದೆ ಅನ್ನುತ್ತಾರೆ. ಕೆಳರೆಪ್ಪೆ ಮೇಲೆದ್ದು ಕಣ್ಣಿಗೆ ಅಡ್ಡ ಬರುವುದರಿಂದ, ಬಿಸಿಲಿಗೆ ಕಣ್ಣು ಮುಚ್ಚಿದಾಗ ಕಾಣುವ ಕೆಂಪಿನಂತೆ ಇದು ಕಾಣುತ್ತದೆ ಅನ್ನುವ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಇದನ್ನು ದೇಹ 2–3 ಜಿಗಿಂತ ಜಾಸ್ತಿ ತಡೆಯುವುದಿಲ್ಲ. ಪೈಲಟ್‌ಗಳು ಬೇಕಂತ ಅಲ್ಲಿಗೆ ಹೋಗುವುದು ಕಮ್ಮಿ.

ಶಾಶ್ವತ ಹಾನಿಯ ಮಾತಿಗೆ ಬರುತ್ತೇನೆ. ರೆಟಿನಾಕ್ಕೆ ರಕ್ತ ಪೂರ್ತಿ ನಿಂತರೂ ಅದು ಸಾಯಲು ಎಷ್ಟೋ ನಿಮಿಷ ಬೇಕು. ಗ್ರೇ-ಔಟ್‌ನಲ್ಲಿ ಆಗುವುದು ಕೆಲವು ಸೆಕೆಂಡಿನ ಕೊರತೆ. ಹುಟ್ಟಿನಿಂದ ಬರುವ ಬಣ್ಣಗುರುಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದರಲ್ಲಿ ಕೋನ್‌ಗಳ ರಚನೆಯೇ ಬೇರೆ ಇರುತ್ತದೆ. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ತೊಂದರೆ ಕಾಣದೆಯೂ ಇರಬಹುದು.

ಈ ಕೊನೆಯ ಮಾತನ್ನು ಬೇಕೆಂದೇ ಹೇಳಿದೆ. ವಾಯುಪಡೆಯ ಹಾರಾಟ ವಿಭಾಗಕ್ಕೆ ಬಣ್ಣದ ದೃಷ್ಟಿಯಲ್ಲಿ ಸಿಪಿ-1 ಎಂಬ ಅತಿ ಮೇಲಿನ ದರ್ಜೆ ಬೇಕು. ಕತ್ತಲೆ ಕೋಣೆಯಲ್ಲಿ ದೂರದಿಂದ ಪುಟ್ಟ ಬಣ್ಣದ ದೀಪ ತೋರಿಸಿ ಪರೀಕ್ಷೆ ಮಾಡುತ್ತಾರೆ. ಎಷ್ಟೋ ಹುಡುಗರಿಗೆ ತಮ್ಮ ಕೆಂಪು–ಹಸಿರಿನ ದೋಷ ಗೊತ್ತಾಗುವುದೇ ಅಲ್ಲಿ, ವರ್ಷಗಟ್ಟಲೆ ಓದಿ ಸಂದರ್ಶನ ಗೆದ್ದ ಮೇಲೆ. ಅವರ ಮುಖ ನೋಡುವುದು ಬಹಳ ಕಷ್ಟ. ನೀವು ಹಾಗೆ ಮಾಡಿಕೊಳ್ಳಬೇಡಿ. ಈ ವಾರವೇ ಮಗನನ್ನು ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕ ಎಲ್ಲರ ಹತ್ತಿರವೂ ಇರುತ್ತದೆ, ಐದು ನಿಮಿಷದ ಕೆಲಸ. ಅದು ಸರಿ ಇದ್ದರೆ ಓದಲಿ, ಓಡಲಿ, ಕಾಲು ಗಟ್ಟಿ ಮಾಡಿಕೊಳ್ಳಲಿ. ಜಿ ತಡೆಯುವುದನ್ನು ಕಲಿಸಲು ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲೇ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದ ಸಂಸ್ಥೆ ಅದು. ಗಗನಯಾನದ ಯಾತ್ರಿಗಳ ಆಯ್ಕೆ ಪರೀಕ್ಷೆ ನಡೆದದ್ದೂ ಅಲ್ಲೇ. ಅವನು ಆ ಹಂತಕ್ಕೆ ಬಂದಾಗ ಅದರ ಸೆಂಟ್ರಿಫ್ಯೂಜ್‌ನಲ್ಲಿ ಅವನನ್ನು ಕೂರಿಸಿ, ಮೊದಲು ಬೂದಿ ಬಣ್ಣ ತೋರಿಸಿ, ಆಮೇಲೆ ಮೈ ಬಿಗಿದು ಆ ಬಣ್ಣವನ್ನು ವಾಪಸ್ ತರುವುದನ್ನು ಕಲಿಸುತ್ತಾರೆ.